ಕೇಳಿದ್ದಾಯಿತು, ಆಮೇಲೆ?

(ಉನ್ನತ ಶಿಕ್ಷಣದ ಗುಣಮಟ್ಟದ ಬಗ್ಗೆ ಅಧ್ಯಾಪಕರು, ವಿದ್ಯಾರ್ಥಿಗಳು, ಪೋಷಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ಬೀರುವಿನ ಕತೆಯಿಂದ ಶುರು ಮಾಡುತ್ತೇನೆ. ನಾನು ಗಣಿತ ಪಾಠ ಮಾಡುತ್ತಿದ್ದ ಕಾಲೇಜೊಂದರ ಸ್ಟಾಫ್ ರೂಮಿನ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಅದರ ಬೀಗದ ಕೈ ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ರೂಮಿಗೆ ಬಣ್ಣ ಹೊಡೆಸುವಾಗ ಬೀಗ ಒಡೆದು ನೋಡಿದರೆ ಒಳಗೆ ಕಟ್ಟು ಕಟ್ಟು ಕಾಗದ. ಎಲ್ಲವೂ ವಿದ್ಯಾರ್ಥಿಗಳು ತುಂಬಿ ಕೊಟ್ಟ ಫೀಡ್‌ಬ್ಯಾಕ್ ಫಾರ್ಮ್‌ಗಳು. ಕಟ್ಟಿದ ದಾರದ ಗಂಟನ್ನು ಯಾರೂ ಬಿಚ್ಚಿರಲಿಲ್ಲ. ನನ್ನ ಕ್ಲಾಸಿನ ಒಂದು ಕಟ್ಟು ಸಿಕ್ಕಿತು. ಮೇಲಿನ ಹಾಳೆಯಲ್ಲೇ ಬರೆದಿತ್ತು: ‘ಸರ್ ಬೋರ್ಡ್ ಮೇಲಿರುವುದನ್ನು ನಾವು ಬರೆದುಕೊಳ್ಳುವ ಮೊದಲೇ ಅಳಿಸುತ್ತಾರೆ.’ ದಿನಾಂಕ ನೋಡಿದೆ. ಏಳು ವರ್ಷ ಹಳೆಯದು. ಏಳು ವರ್ಷ ನಾನು ಹಾಗೇ ಅಳಿಸಿಕೊಂಡು ಬಂದಿದ್ದೆ.

ಆ ಹುಡುಗನೋ ಹುಡುಗಿಯೋ, ಹೆಸರು ಬರೆದಿರಲಿಲ್ಲ, ತನ್ನ ಕೆಲಸ ಸರಿಯಾಗಿ ಮಾಡಿದ್ದರು. ಕೇಳಿದ್ದಕ್ಕೆ ಹೇಳಿದ್ದರು. ಕೇಳಿದವರು ಕೇಳಿಸಿಕೊಳ್ಳಲಿಲ್ಲ, ಅಷ್ಟೇ.

ಇವತ್ತಿನ ವಿಷಯ ‘ಉನ್ನತ ಶಿಕ್ಷಣದ ಗುಣಮಟ್ಟ ಸುಧಾರಣೆಯಲ್ಲಿ ಪಾಲುದಾರರ ಪಾತ್ರ’ ಅಂತ ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿದೆ. ಪಾಲುದಾರರು ಅಂದರೆ ಸ್ಟೇಕ್‌ಹೋಲ್ಡರ್‌ಗಳು. ನನಗೆ ಈ ಕನ್ನಡ ಪದ ಅಷ್ಟಾಗಿ ಹಿಡಿಸುವುದಿಲ್ಲ. ಪಾಲು ಅಂದ ತಕ್ಷಣ ಲಾಭದಲ್ಲಿ ಯಾರಿಗೆಷ್ಟು ಅನ್ನುವ ಲೆಕ್ಕ ಕಣ್ಣ ಮುಂದೆ ಬರುತ್ತದೆ. ವ್ಯಾಪಾರದ ಓದಿನಲ್ಲಿ ಈ ವಿಚಾರವನ್ನು ಎಲ್ಲರ ಬಾಯಿಗೆ ಬರುವಂತೆ ಮಾಡಿದವರು ಎಡ್ವರ್ಡ್ ಫ್ರೀಮನ್, 1984ರಲ್ಲಿ. ಕಂಪನಿ ನಡೆಸುವವರು ಷೇರು ಇಟ್ಟವರನ್ನು ಮಾತ್ರ ನೋಡಿದರೆ ಸಾಲದು, ಕಂಪನಿಯ ಕೆಲಸ ಯಾರ್ಯಾರಿಗೆ ತಟ್ಟುತ್ತದೋ ಅವರನ್ನೆಲ್ಲ ನೋಡಬೇಕು ಅಂದರು. ಈ ‘ತಟ್ಟುವುದು’ ನನಗೆ ಇಷ್ಟ. ಕಾಲೇಜು ಸರಿಯಾಗಿ ನಡೆಯದಿದ್ದರೆ ಬಿಸಿ ಯಾರಿಗೆ ತಟ್ಟುತ್ತದೋ ಅವರೆಲ್ಲ ಅದಕ್ಕೆ ಸಂಬಂಧಪಟ್ಟವರು. ವಿದ್ಯಾರ್ಥಿ, ಪಾಠ ಮಾಡುವವರು, ಲ್ಯಾಬ್ ಲೈಬ್ರರಿ ನೋಡಿಕೊಳ್ಳುವವರು, ಅಪ್ಪ ಅಮ್ಮ, ಹಳೆ ವಿದ್ಯಾರ್ಥಿಗಳು, ಕೆಲಸ ಕೊಡುವವರು. ಇನ್ನೂ ಆಚೆಗೆ ಹೋದರೆ, ಆ ಕಾಲೇಜಿನ ಹೆಸರನ್ನೇ ಕೇಳಿರದ, ಆದರೆ ಅಲ್ಲಿ ಕಲಿತ ಡಾಕ್ಟರ ಕೈಗೆ ಸಿಗುವ ರೋಗಿ.

ಇಷ್ಟು ಜನಕ್ಕೂ ಗುಣಮಟ್ಟ ಅಂದರೆ ಒಂದೇ ಅರ್ಥ ಇರುತ್ತದಾ? ಇರುವುದಿಲ್ಲ. 1993ರಲ್ಲಿ ಲೀ ಹಾರ್ವಿ ಮತ್ತು ಡಯಾನಾ ಗ್ರೀನ್ ಅನ್ನುವ ಇಬ್ಬರು ಸಂಶೋಧಕರು ಉನ್ನತ ಶಿಕ್ಷಣದಲ್ಲಿ ‘ಗುಣಮಟ್ಟ’ ಅನ್ನುವ ಮಾತನ್ನು ಜನ ಯಾವ ಯಾವ ಅರ್ಥದಲ್ಲಿ ಬಳಸುತ್ತಾರೆ ಅಂತ ಬಿಡಿಸಿಟ್ಟರು. ಐದು ಅರ್ಥ ಸಿಕ್ಕಿತು. ಎಲ್ಲರಿಗಿಂತ ಮೇಲಿರುವುದು. ತಪ್ಪಿಲ್ಲದಿರುವುದು. ಉದ್ದೇಶಕ್ಕೆ ಒದಗುವುದು. ಕೊಟ್ಟ ದುಡ್ಡಿಗೆ ತಕ್ಕ ಬೆಲೆ ಸಿಗುವುದು. ಕೊನೆಯದು, ಕಲಿಯುವವರನ್ನೇ ಬದಲಾಯಿಸುವುದು. ಫೀಸು ಕಟ್ಟುವ ಅಪ್ಪ ನಾಲ್ಕನೆಯದನ್ನು ಕೇಳುತ್ತಾರೆ. ಕೆಲಸ ಕೊಡುವವರು ಮೂರನೆಯದನ್ನು. ಪ್ರಿನ್ಸಿಪಾಲರಿಗೆ ಮೊದಲನೆಯದರ ಆಸೆ. ಐದನೆಯದನ್ನು ಮೇಷ್ಟ್ರುಗಳು ಬೀಳ್ಕೊಡುಗೆ ಭಾಷಣದಲ್ಲಿ ಹೇಳುತ್ತಾರೆ. ನಾನೂ ಹೇಳಿದ್ದೇನೆ.

ಹಾಗಾಗಿ ‘ಎಲ್ಲರನ್ನೂ ಒಳಗೊಳ್ಳಬೇಕು’ ಅಂತ ಸುಮ್ನೆ ಹೇಳಿದರೆ ಏನೂ ಹೇಳಿದಂತೆ ಆಗುವುದಿಲ್ಲ. ಯಾರನ್ನು, ಏನು ಕೇಳಬೇಕು, ಯಾವಾಗ ಕೇಳಬೇಕು? ಕೇಳಿದ ಮೇಲೆ ಅವರಿಗೆ ತಿರುಗಿ ಏನು ಹೇಳಬೇಕು? ನನ್ನ ತಕರಾರು ಇಷ್ಟೇ. ಕೇಳುವ ಶಾಸ್ತ್ರ ನಾವು ಜೋರಾಗಿಯೇ ಮಾಡುತ್ತೇವೆ. ಮಿಕ್ಕಿದ್ದು ಬೀರುವಿಗೆ ಹೋಗುತ್ತದೆ.

ವಿದ್ಯಾರ್ಥಿಗಳ ಮಾತು ಕೇಳುವುದು ಈಗಿನ ಕಾಲದ ಹೊಸ ಫ್ಯಾಷನ್ ಅಂತ ಕೆಲವರು ಗೊಣಗುತ್ತಾರೆ. ಅವರಿಗೆ ನಾನು ಬೊಲೊನ್ಯಾ ಕತೆ ಹೇಳುತ್ತೇನೆ. ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯ 1088ರಲ್ಲಿ ಶುರುವಾಯಿತು ಅಂತ ವಾಡಿಕೆ. ಅಲ್ಲಿ ಕಾನೂನು ಓದಲು ಬೇರೆ ಊರುಗಳಿಂದ ಬಂದ ವಿದ್ಯಾರ್ಥಿಗಳು ಒಟ್ಟಾಗಿ ಸಂಘ ಕಟ್ಟಿಕೊಂಡರು. ‘ಯೂನಿವರ್ಸಿಟಾಸ್’ ಅನ್ನುವ ಲ್ಯಾಟಿನ್ ಮಾತು ಅಲ್ಲಿ ಮೊದಲಿಗೆ ಆ ಸಂಘಕ್ಕೇ ಇದ್ದ ಹೆಸರು. ಕಟ್ಟಡಕ್ಕೂ ಅಲ್ಲ, ಮೇಷ್ಟ್ರುಗಳಿಗೂ ಅಲ್ಲ. ಮೇಷ್ಟ್ರುಗಳಿಗೆ ದುಡ್ಡು ಕೊಡುತ್ತಿದ್ದವರು ವಿದ್ಯಾರ್ಥಿಗಳೇ, ಆದ್ದರಿಂದ ನಿಯಮವೂ ಅವರದೇ. ಗಂಟೆ ಹೊಡೆದಾಗ ಪಾಠ ಶುರುವಾಗಬೇಕು, ಮುಂದಿನ ಗಂಟೆಗೆ ಮುಗಿಯಬೇಕು. ಕಷ್ಟದ ಭಾಗವನ್ನು ಹಾರಿಸಿದರೆ ದಂಡ. ಇಂಥ ದಿನದ ಒಳಗೆ ಪುಸ್ತಕದ ಇಂಥ ಜಾಗಕ್ಕೆ ಬಂದಿರಬೇಕು, ಇಲ್ಲದಿದ್ದರೆ ಮೇಷ್ಟ್ರು ಮೊದಲೇ ಇಟ್ಟ ಠೇವಣಿಯಿಂದ ಕಡಿತ. ಪಾಠಕ್ಕೆ ಐದು ಜನಕ್ಕಿಂತ ಕಡಿಮೆ ಬಂದರೆ ಮೇಷ್ಟ್ರೇ ಗೈರುಹಾಜರು ಅಂತ ಲೆಕ್ಕ! ಊರು ಬಿಟ್ಟು ಹೋಗಬೇಕಾದರೂ ಅವರು ವಿದ್ಯಾರ್ಥಿಗಳ ಒಪ್ಪಿಗೆ ಪಡೆಯಬೇಕಿತ್ತು.

ಮುಂದೆ ಕೂತಿರುವ ಹುಡುಗರ ಮುಖ ಅರಳಿದ್ದು ನೋಡುತ್ತಿದ್ದೇನೆ. ಸ್ವಲ್ಪ ತಾಳಿ.

ಅದೇ ಬೊಲೊನ್ಯಾದಲ್ಲಿ ಒಂದು ವಿಷಯವನ್ನು ಮಾತ್ರ ಮೇಷ್ಟ್ರುಗಳು ಬಿಟ್ಟುಕೊಡಲಿಲ್ಲ. ಪರೀಕ್ಷೆ ಮಾಡುವುದು, ಪದವಿ ಕೊಡುವುದು ಅವರ ಕೈಯಲ್ಲೇ ಉಳಿಯಿತು. ಪಾಠ ಹೇಗೆ ನಡೆಯುತ್ತಿದೆ ಅನ್ನುವುದಕ್ಕೆ ವಿದ್ಯಾರ್ಥಿ ಸಾಕ್ಷಿ. ಕಲಿತದ್ದು ಸಾಕೇ ಅನ್ನುವುದನ್ನು ತೀರ್ಮಾನಿಸುವವರು ಆ ವಿದ್ಯೆಯಲ್ಲಿ ಪಳಗಿದವರು. ಏಳೆಂಟು ನೂರು ವರ್ಷದ ಹಿಂದಿನ ಈ ಹಂಚಿಕೆ ಎಷ್ಟು ಜಾಣತನದ್ದು ಅಂತ ನನಗೆ ತಡವಾಗಿ ಗೊತ್ತಾಯಿತು. ಮುಂದೆ ಊರಿನ ಆಡಳಿತವೇ ಮೇಷ್ಟ್ರುಗಳಿಗೆ ಸಂಬಳ ಕೊಡಲು ಶುರು ಮಾಡಿತು. ವಿದ್ಯಾರ್ಥಿಗಳ ಹಿಡಿತ ನಿಧಾನವಾಗಿ ಸಡಿಲವಾಯಿತು. ಸಂಬಳ ಕೊಡುವವರ ಮಾತು ನಡೆಯುತ್ತದೆ ಅನ್ನುವುದು ಆಗಲೂ ಹಾಗೇ ಇತ್ತು.

ಈಗ ಈ ಹಂಚಿಕೆಯನ್ನು ಮರೆತರೆ ಏನಾಗುತ್ತದೆ ನೋಡೋಣ. ಅಮೆರಿಕದ ವಾಯುಪಡೆಗೆ ಒಂದು ಅಕಾಡೆಮಿ ಇದೆ. ಅಲ್ಲಿ ವಿದ್ಯಾರ್ಥಿಗಳು ತಮಗೆ ಇಷ್ಟವಾದ ಮೇಷ್ಟ್ರನ್ನು ಆರಿಸಿಕೊಳ್ಳುವ ಹಾಗಿಲ್ಲ. ಯಾರಿಗೆ ಯಾರು ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಮೊದಲ ಕ್ಯಾಲ್ಕುಲಸ್ ಕೋರ್ಸ್ ಆದ ಮೇಲೆ ಅದರ ಮೇಲೆ ನಿಂತಿರುವ ಮುಂದಿನ ಕೋರ್ಸ್‌ಗಳೂ ಕಡ್ಡಾಯ. ಅಂದರೆ ಮೇಷ್ಟ್ರನ್ನು ಅಳೆಯಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದು ಕಷ್ಟ. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಅನ್ನುವ ಅರ್ಥಶಾಸ್ತ್ರಜ್ಞರು ಅಲ್ಲಿಯ ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಗಳನ್ನು ಹಿಡಿದು ಲೆಕ್ಕ ಹಾಕಿ 2010ರಲ್ಲಿ ಪ್ರಕಟಿಸಿದರು. ಕೆಲವು ಮೇಷ್ಟ್ರುಗಳ ಕೈಯಲ್ಲಿ ವಿದ್ಯಾರ್ಥಿಗಳಿಗೆ ಆ ಕೋರ್ಸಿನಲ್ಲಿ ಒಳ್ಳೆ ಅಂಕ ಬರುತ್ತಿತ್ತು. ಫೀಡ್‌ಬ್ಯಾಕಿನಲ್ಲಿ ಆ ಮೇಷ್ಟ್ರುಗಳಿಗೂ ಒಳ್ಳೆ ಅಂಕ. ಆದರೆ ಅವರ ಹತ್ತಿರ ಕಲಿತವರು ಮುಂದಿನ ಕೋರ್ಸ್‌ಗಳಲ್ಲಿ ಹಿಂದೆ ಬಿದ್ದರು. ಹೆಚ್ಚು ಅನುಭವ ಇದ್ದ ಮೇಷ್ಟ್ರುಗಳದ್ದು ಉಲ್ಟಾ. ಆಗ ಅಂಕ ಕಡಿಮೆ, ಫೀಡ್‌ಬ್ಯಾಕೂ ಸಪ್ಪೆ, ಆದರೆ ಮುಂದಿನ ಕೋರ್ಸಿನಲ್ಲಿ ಅವರ ಹುಡುಗರೇ ಗಟ್ಟಿ.

ಇದನ್ನು ಹಿಡಿದುಕೊಂಡು ‘ನೋಡಿ, ವಿದ್ಯಾರ್ಥಿಗಳಿಗೆ ಏನೂ ಗೊತ್ತಾಗುವುದಿಲ್ಲ’ ಅನ್ನುವ ಮೇಷ್ಟ್ರುಗಳನ್ನು ನಾನು ನೋಡಿದ್ದೇನೆ. ತಪ್ಪು ವಿದ್ಯಾರ್ಥಿಗಳದ್ದಲ್ಲ, ಪ್ರಶ್ನೆಯದ್ದು. ‘ಅಧ್ಯಾಪಕರಿಗೆ ವಿಷಯದ ಜ್ಞಾನ ಎಷ್ಟಿದೆ? ಐದರಲ್ಲಿ ಅಂಕ ಕೊಡಿ’ ಅಂತ ಹತ್ತೊಂಬತ್ತು ವರ್ಷದ ಹುಡುಗಿಯನ್ನು ಕೇಳುತ್ತೇವೆ. ಅವಳು ಆ ವಿಷಯ ಕಲಿಯಲು ಬಂದಿದ್ದಾಳೆ. ಅವಳಿಗೆ ಹೇಗೆ ಗೊತ್ತಾಗಬೇಕು? ನಕ್ಕು ಮಾತಾಡಿಸುವ ಮೇಷ್ಟ್ರಿಗೆ ನಾಲ್ಕು, ಗದರುವವರಿಗೆ ಎರಡು ಹಾಕುತ್ತಾಳೆ. ಅದೇ ಹುಡುಗಿಯನ್ನು ಬೇರೆ ಥರ ಕೇಳಿ. ಟೆಸ್ಟ್ ಪೇಪರ್ ತಿದ್ದಿ ವಾಪಸ್ ಕೊಡಲು ಎಷ್ಟು ದಿನ ಆಯಿತು? ಎಲ್ಲಿ ತಪ್ಪಾಗಿದೆ ಅಂತ ಅದರಲ್ಲಿ ಬರೆದಿತ್ತಾ? ಪ್ರಶ್ನೆ ಕೇಳಲು ನಿನಗೆ ಹೆದರಿಕೆ ಆಗುತ್ತದಾ? ಯಾವ ಪಾಠದಲ್ಲಿ ದಾರಿ ತಪ್ಪಿತು? ಹಿಂದಿನ ಬೆಂಚಿಗೆ ಬೋರ್ಡ್ ಕಾಣುತ್ತದಾ? ಇವಕ್ಕೆ ಅವಳ ಉತ್ತರ ಯಾವ ಪ್ರೊಫೆಸರನ ಉತ್ತರಕ್ಕಿಂತ ನಂಬಿಕೆಯದ್ದು. ಅವಳು ಅಲ್ಲಿ ಕೂತಿದ್ದವಳು.

ಯಾವಾಗ ಕೇಳುತ್ತೇವೆ ಅನ್ನುವುದೂ ಅಷ್ಟೇ ಮುಖ್ಯ. ಕೋರ್ಸ್ ಮುಗಿದು, ಪರೀಕ್ಷೆ ತಲೆಯ ಮೇಲಿರುವಾಗ ಫಾರ್ಮ್ ಹಂಚುತ್ತೇವೆ. ತುಂಬುವವರಿಗೆ ಅದರಿಂದ ಒಂದು ಕಾಸಿನ ಉಪಯೋಗ ಇಲ್ಲ. ಊಟ ಮುಗಿಸಿ ಕೈ ತೊಳೆದ ಮೇಲೆ ‘ಉಪ್ಪು ಬೇಕಿತ್ತಾ?’ ಅಂತ ಕೇಳಿದ ಹಾಗೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಒಂದು ಕ್ರಮ ಈಗ ಬೇರೆ ಬೇರೆ ಕಡೆ ಬಳಕೆಯಲ್ಲಿದೆ. ಸೆಮಿಸ್ಟರ್ ಅರ್ಧ ಆದಾಗ, ಆ ಕೋರ್ಸಿಗೆ ಸಂಬಂಧವಿಲ್ಲದ ಇನ್ನೊಬ್ಬರು ಕ್ಲಾಸಿಗೆ ಬರುತ್ತಾರೆ. ಪಾಠ ಮಾಡುವವರು ಹೊರಗೆ ಹೋಗುತ್ತಾರೆ. ವಿದ್ಯಾರ್ಥಿಗಳು ನಾಲ್ಕೈದು ಜನರ ಗುಂಪು ಮಾಡಿಕೊಂಡು, ಕಲಿಯಲು ಏನು ನೆರವಾಗುತ್ತಿದೆ, ಏನು ಅಡ್ಡಿ, ಏನು ಬದಲಾಗಬೇಕು ಅಂತ ಮಾತಾಡಿ ಒಮ್ಮತದಿಂದ ಬರೆಯುತ್ತಾರೆ. ಬಂದವರು ಅದನ್ನು ಮೇಷ್ಟ್ರ ಜೊತೆ ಖಾಸಗಿಯಾಗಿ ಕೂತು ಹೇಳುತ್ತಾರೆ. ಮುಂದಿನ ಕ್ಲಾಸಿನಲ್ಲಿ ಮೇಷ್ಟ್ರು ವಿದ್ಯಾರ್ಥಿಗಳಿಗೆ ಉತ್ತರ ಕೊಡುತ್ತಾರೆ. ಗುಂಪಿನಲ್ಲಿ ಮಾತಾಡುವುದರಿಂದ ಒಬ್ಬನ ಸಿಟ್ಟು ಸೋಸಿ ಹೋಗುತ್ತದೆ. ಎಲ್ಲರಿಗೂ ಆದ ತೊಂದರೆ ಮೇಲೆ ಬರುತ್ತದೆ. ಖರ್ಚು? ಮುಕ್ಕಾಲು ಗಂಟೆ ಮತ್ತು ಮೇಷ್ಟ್ರಿಗೆ ಸ್ವಲ್ಪ ಇರಿಸುಮುರಿಸು.

ಬೀರು ಒಡೆದ ವರ್ಷ ನಾನು ಇದರ ಬಡವರ ಆವೃತ್ತಿಯೊಂದನ್ನು ಶುರು ಮಾಡಿದೆ. ಐದನೇ ವಾರ ಎಲ್ಲರಿಗೂ ಒಂದು ಚೀಟಿ. ‘ಈವರೆಗೆ ಅರ್ಥವಾಗದ ಒಂದು ವಿಷಯ ಬರೆಯಿರಿ.’ ಅಷ್ಟೇ. ಮೊದಲ ಸಲ ಅರ್ಧಕ್ಕರ್ಧ ಚೀಟಿಗಳಲ್ಲಿ ಇದ್ದದ್ದು ನಾನು ‘ಇದು ಸುಲಭ, ಮನೆಯಲ್ಲಿ ನೋಡಿಕೊಳ್ಳಿ’ ಅಂತ ಬಿಟ್ಟಿದ್ದ ಪಾಠ.

ಹಾಗಂತ ವಿದ್ಯಾರ್ಥಿಗಳು ಬರೀ ಫಾರ್ಮ್ ತುಂಬುವವರಾಗಿಯೇ ಉಳಿದಿಲ್ಲ. 1918ರಲ್ಲಿ ಅರ್ಜೆಂಟೀನಾದ ಕೋರ್ಡೊಬಾದಲ್ಲಿ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದ ಹಳೆಯ ಆಡಳಿತದ ವಿರುದ್ಧ ದಂಗೆ ಎದ್ದರು. 1613ರಲ್ಲಿ ಜೆಸುಯಿಟ್ ಪಾದ್ರಿಗಳು ಕಟ್ಟಿದ ಸಂಸ್ಥೆ ಅದು. ಅಲ್ಲಿಂದ ಹೊರಟ ಸುಧಾರಣೆ ಲ್ಯಾಟಿನ್ ಅಮೆರಿಕದ ಉದ್ದಗಲಕ್ಕೆ ಹಬ್ಬಿತು. ಇವತ್ತಿಗೂ ಅರ್ಜೆಂಟೀನಾದ ಸರ್ಕಾರಿ ವಿಶ್ವವಿದ್ಯಾಲಯಗಳ ಆಡಳಿತ ಮಂಡಳಿಗಳಲ್ಲಿ ಅಧ್ಯಾಪಕರ ಜೊತೆ ವಿದ್ಯಾರ್ಥಿಗಳಿಗೂ ಓದು ಮುಗಿಸಿದವರಿಗೂ ಜಾಗ ಇದೆ. ಯುರೋಪಿನಲ್ಲಿ ದಾರಿ ಬೇರೆ. 2001ರಲ್ಲಿ ಪ್ರಾಗ್‌ನಲ್ಲಿ ಸೇರಿದ ಶಿಕ್ಷಣ ಮಂತ್ರಿಗಳು ವಿದ್ಯಾರ್ಥಿಗಳು ಉನ್ನತ ಶಿಕ್ಷಣ ಸಮುದಾಯದ ಪೂರ್ಣ ಸದಸ್ಯರು ಅಂತ ಒಪ್ಪಿದರು. 2005ರಲ್ಲಿ ಒಪ್ಪಿ 2015ರಲ್ಲಿ ಪರಿಷ್ಕರಿಸಿದ ಯುರೋಪಿನ ಗುಣಮಟ್ಟದ ಮಾರ್ಗಸೂಚಿ ಇದೆ. ಅದರ ಪ್ರಕಾರ ಹೊರಗಿನಿಂದ ಪರಿಶೀಲನೆಗೆ ಬರುವ ತಂಡದಲ್ಲಿ ಒಬ್ಬ ವಿದ್ಯಾರ್ಥಿ ಇರಲೇಬೇಕು. ಪ್ರೊಫೆಸರುಗಳ ಪಕ್ಕದ ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳುವ ವಿದ್ಯಾರ್ಥಿ. ಸ್ಕಾಟ್ಲೆಂಡಿನಲ್ಲಿ 2003ರಿಂದ ಸ್ಪಾರ್ಕ್ಸ್ ಅನ್ನುವ ಸಂಸ್ಥೆ ತರಗತಿ ಪ್ರತಿನಿಧಿಗಳಿಗೆ ತರಬೇತಿ ಕೊಡುತ್ತಿದೆ. ಸಭೆಯಲ್ಲಿ ಹೇಗೆ ಮಾತಾಡಬೇಕು, ದೂರನ್ನು ಸಲಹೆಯಾಗಿ ಹೇಗೆ ತಿರುಗಿಸಬೇಕು ಅಂತ. ನನಗೆ ಇದು ಎಲ್ಲಕ್ಕಿಂತ ಬುದ್ಧಿವಂತ ಕೆಲಸ ಅನ್ನಿಸುತ್ತದೆ. ಕುರ್ಚಿ ಕೊಟ್ಟು ಮಾತು ಕಲಿಸದಿದ್ದರೆ ಹುಡುಗ ಟೀ ಕುಡಿದು, ಸಹಿ ಹಾಕಿ ಬರುತ್ತಾನೆ.

ಶೆರ್ರಿ ಆರ್ನ್‌ಸ್ಟೀನ್ ಅನ್ನುವ ಅಮೆರಿಕದ ಮಹಿಳೆ 1969ರಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲಿನ ಏಣಿಯಾಗಿ ವಿವರಿಸಿದರು. ಕೆಳಗಿನ ಎರಡು ಮೆಟ್ಟಿಲು ಭಾಗವಹಿಸುವಿಕೆಯೇ ಅಲ್ಲ, ಜನರನ್ನು ಪಳಗಿಸುವುದು. ನಡುವಿನ ಮೆಟ್ಟಿಲುಗಳಲ್ಲಿ ತಿಳಿಸುತ್ತಾರೆ, ಕೇಳುತ್ತಾರೆ, ಸಮಾಧಾನ ಮಾಡುತ್ತಾರೆ. ತೀರ್ಮಾನದಲ್ಲಿ ಪಾಲು ಸಿಗುವುದು ಮೇಲಿನ ಮೂರರಲ್ಲಿ. ಅವರ ಲೇಖನದಲ್ಲಿ 1968ರ ಫ್ರೆಂಚ್ ವಿದ್ಯಾರ್ಥಿಗಳ ಒಂದು ಭಿತ್ತಿಪತ್ರದ ಮಾತು ಇದೆ. ವ್ಯಾಕರಣದ ಪಾಠದ ಹಾಗೆ: ನಾನು ಭಾಗವಹಿಸುತ್ತೇನೆ, ನೀನು ಭಾಗವಹಿಸುತ್ತೀಯೆ, ಅವನು ಭಾಗವಹಿಸುತ್ತಾನೆ, ನಾವು ಭಾಗವಹಿಸುತ್ತೇವೆ, ನೀವು ಭಾಗವಹಿಸುತ್ತೀರಿ, ಲಾಭ ಅವರಿಗೆ! ನಮ್ಮ ಕಮಿಟಿಗಳು ಯಾವ ಮೆಟ್ಟಿಲಲ್ಲಿವೆ ಅನ್ನುವುದನ್ನು ನೀವೇ ನೋಡಿಕೊಳ್ಳಿ. ನಾನು ಕೂತಿದ್ದ ಕಮಿಟಿಗಳಂತೂ ನಾಲ್ಕನೆಯದನ್ನು ದಾಟಿರಲಿಲ್ಲ.

ಈಗ ಕೆಲಸ ಕೊಡುವವರು. ಇವರನ್ನು ಕರೆದರೆ ಸಾಮಾನ್ಯವಾಗಿ ಒಂದೇ ಮಾತು: ‘ಪದವೀಧರರಿಗೆ ಕೆಲಸ ಬರುವುದಿಲ್ಲ.’ ಸಿಲಬಸ್‌ನಲ್ಲಿ ಈ ವರ್ಷದ ಸಾಫ್ಟ್‌ವೇರ್ ಸೇರಿಸಿ ಅನ್ನುತ್ತಾರೆ. ಹುಡುಗರು ಓದು ಮುಗಿಸುವ ಹೊತ್ತಿಗೆ ಅದು ಹಳತಾಗಿರುತ್ತದೆ. ಸಿಲಬಸ್‌ಗೆ ಏನು ಸೇರಿಸಬೇಕು ಅಂತ ಇವರನ್ನು ಕೇಳುವುದು ನನಗೆ ಸರಿ ಕಾಣುವುದಿಲ್ಲ. ಹೊಸಬರು ಮೊದಲ ಆರು ತಿಂಗಳಲ್ಲಿ ಎಲ್ಲಿ ಎಡವಿದರು ಅಂತ ಕೇಳಬೇಕು. ಅದು ಅವರಿಗೆ ಮಾತ್ರ ಗೊತ್ತು. ಇನ್ನೂ ಒಳ್ಳೆಯದು, ಹೇಳುವುದರ ಜೊತೆ ಅವರಿಂದ ಕಲಿಸುವ ಕೆಲಸವನ್ನೂ ಮಾಡಿಸುವುದು. 1906ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನುವ ಎಂಜಿನಿಯರಿಂಗ್ ಮೇಷ್ಟ್ರು ವಿದ್ಯಾರ್ಥಿಗಳು ಸರದಿಯಂತೆ ಕಾರ್ಖಾನೆಯಲ್ಲೂ ಕ್ಲಾಸಿನಲ್ಲೂ ಇರುವ ಏರ್ಪಾಡು ಮಾಡಿದರು. ಕೋಆಪರೇಟಿವ್ ಎಜುಕೇಷನ್ ಅನ್ನುವ ಪದ್ಧತಿ ಹುಟ್ಟಿದ್ದು ಅಲ್ಲಿ. ಕಾರ್ಖಾನೆಯವನು ದೂರುವ ಜಾಗ ಬಿಟ್ಟು ಕಲಿಸುವ ಜಾಗಕ್ಕೆ ಬರಬೇಕಾಯಿತು. ಕಾರ್ಖಾನೆಯಿಂದ ವಾಪಸ್ ಬಂದ ಹುಡುಗ ಕ್ಲಾಸಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ ಆಗುತ್ತದೆ, ಅಲ್ವಾ?

ಸುತ್ತಲಿನ ಸಮಾಜದ ಪಾತ್ರಕ್ಕೆ ಭಾಷಣ ಬೇಡ, ಒಂದು ಉದಾಹರಣೆ ಸಾಕು. 1890ರ ಸುಮಾರಿಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾಲಿಗೆ ತೂಕ ನೋಡಿ ದುಡ್ಡು ಕೊಡುತ್ತಿದ್ದರು. ನೀರು ಬೆರೆಸಿದವನಿಗೂ ಕೆನೆ ತೆಗೆದವನಿಗೂ ಗಟ್ಟಿ ಹಾಲು ತಂದವನಿಗೂ ಒಂದೇ ದರ. ಇದು ಹೈನುಗಾರರ ದಿನನಿತ್ಯದ ಜಗಳ. ಅಲ್ಲಿಯ ವಿಶ್ವವಿದ್ಯಾಲಯದ ಸ್ಟೀಫನ್ ಬ್ಯಾಬ್‌ಕಾಕ್ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಅಂತ ಯಾರು ಬೇಕಾದರೂ ಅಳೆಯಬಹುದಾದ ಸರಳ ಪರೀಕ್ಷೆ ಕಂಡುಹಿಡಿದರು. ಆಸಿಡ್ ಹಾಕಿ, ಗರಗರ ತಿರುಗಿಸಿ, ಕುತ್ತಿಗೆಯ ಮೇಲೆ ಗುರುತಿರುವ ಸೀಸೆಯಲ್ಲಿ ನೋಡುವುದು. ಪೇಟೆಂಟ್ ಮಾಡಿಸಲಿಲ್ಲ. ಲ್ಯಾಬಿಗೆ ಆ ಸಮಸ್ಯೆ ಬಂದದ್ದು ಹಾಲಿನ ಕ್ಯಾನಿನ ಕಡೆಯಿಂದ.

ಪೋಷಕರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳೆದ ಮಕ್ಕಳ ಪರವಾಗಿ ಅಪ್ಪ ಅಮ್ಮ ಮಾತಾಡಲು ಬಂದಾಗ ಮಕ್ಕಳು ಸುಮ್ಮನಾಗಿಬಿಡುತ್ತಾರೆ. ಫೀಸಿನ ಲೆಕ್ಕ, ಸುರಕ್ಷತೆ, ಮಕ್ಕಳ ಆರೋಗ್ಯ, ಇವುಗಳ ಬಗ್ಗೆ ಅವರ ಮಾತು ಬೇಕು. ಪಾಠದ ಬಗ್ಗೆ ಮಕ್ಕಳೇ ಹೇಳಲಿ.

ಹಳೆ ವಿದ್ಯಾರ್ಥಿಗಳನ್ನು ಎಷ್ಟು ವ್ಯರ್ಥ ಮಾಡುತ್ತೇವೆ ಅಂದರೆ, ಕರೆಯುವುದೇ ದೇಣಿಗೆಗೆ. ಐದು ವರ್ಷ ಹೊರಗೆ ದುಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ: ಆಗ ಬೇಡ ಅನ್ನಿಸಿದ ಯಾವ ಪಾಠ ಈಗ ಅನ್ನ ಕೊಡುತ್ತಿದೆ ಅನ್ನುವುದು. ವಾಯುಪಡೆಯ ಅಕಾಡೆಮಿಯ ಲೆಕ್ಕ ನೆನಪಿದೆಯಲ್ಲ? ಆ ಗದರುವ ಮೇಷ್ಟ್ರಿಗೆ ಎರಡು ಹಾಕಿದವಳನ್ನು ಐದು ವರ್ಷ ಬಿಟ್ಟು ಇನ್ನೊಮ್ಮೆ ಕೇಳಿ ನೋಡಿ.

ಇನ್ನು ಯಾರೂ ಕೇಳದವರು ಇಬ್ಬರಿದ್ದಾರೆ. ಒಬ್ಬರು ಅಟೆಂಡರ್, ಲ್ಯಾಬ್ ನೋಡಿಕೊಳ್ಳುವವರು, ಲೈಬ್ರರಿ ಕೌಂಟರಿನಲ್ಲಿ ಕೂರುವವರು. ಯಾವ ಯಂತ್ರ ಎರಡು ವರ್ಷದಿಂದ ಕೆಟ್ಟು ಕೂತಿದೆ, ಯಾವ ಪುಸ್ತಕಕ್ಕೆ ಹುಡುಗರು ಕಾಯುತ್ತಾರೆ, ಯಾವ ಪ್ರಯೋಗವನ್ನು ಮಾಡದೆಯೇ ರೆಕಾರ್ಡ್ ಬುಕ್ಕಿನಲ್ಲಿ ಬರೆಸುತ್ತಾರೆ, ಎಲ್ಲ ಅವರಿಗೆ ಗೊತ್ತು. ನಾನು ಕೆಲಸ ಮಾಡಿದ ಒಂದು ಕಡೆ ಪರಿಶೀಲನಾ ತಂಡ ಬಂದ ದಿನ ಅವರಿಗೆ ಕೊಟ್ಟ ಕೆಲಸ ಹೂಗುಚ್ಛ ಹಿಡಿದು ನಿಲ್ಲುವುದು. ಇನ್ನೊಬ್ಬರು ಓದನ್ನು ಅರ್ಧಕ್ಕೆ ಬಿಟ್ಟು ಹೋದವರು. ಫೀಡ್‌ಬ್ಯಾಕ್ ಫಾರ್ಮ್ ಹಂಚುವ ದಿನ ಅವರು ಕ್ಲಾಸಿನಲ್ಲಿ ಇರುವುದಿಲ್ಲ. ಹಾಗಾಗಿ ನಮ್ಮ ಸರಾಸರಿ ಯಾವಾಗಲೂ ಚೆನ್ನಾಗಿಯೇ ಬರುತ್ತದೆ. ಗಣಿತದ ಮೇಷ್ಟ್ರಾಗಿ ಹೇಳುತ್ತೇನೆ, ಹೊರಗೆ ಹೋದವರನ್ನು ಬಿಟ್ಟು ಒಳಗಿದ್ದವರ ಸರಾಸರಿ ತೆಗೆದರೆ ಆ ಅಂಕಿಯನ್ನು ನಂಬಬೇಡಿ.

ನನ್ನ ಮಾತು ಇಷ್ಟು. ಆಮೇಲೆ ನಡೆದ ಪ್ರಶ್ನೋತ್ತರದಲ್ಲಿ ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಹೊಸದಾಗಿ ಕೆಲಸಕ್ಕೆ ಸೇರಿದ ಅಧ್ಯಾಪಕಿಯೊಬ್ಬರು ಎದ್ದು ನಿಂತು ಕೇಳಿದರು: ‘ಸರ್, ವಿದ್ಯಾರ್ಥಿಗಳು ಹೇಳಿದ್ದನ್ನು ಮಾಡಲು ಆಗದಿದ್ದರೆ? ಕೇಳಿ ಮಾಡದೇ ಇರುವುದಕ್ಕಿಂತ ಕೇಳದೇ ಇರುವುದೇ ವಾಸಿ ಅಲ್ವಾ?’

ನಾನು ಚೀಟಿಯ ಕತೆಯನ್ನೇ ಮುಂದುವರಿಸಿದೆ. ಒಂದು ವರ್ಷ ಮುಕ್ಕಾಲು ಕ್ಲಾಸು ‘ಪ್ರಮೇಯಗಳ ಸಾಧನೆ ಬೇಡ, ಬರೀ ಲೆಕ್ಕ ಮಾಡಿಸಿ’ ಅಂತ ಬರೆದಿತ್ತು. ಮಾರನೇ ದಿನ ಬೋರ್ಡ್ ಮೇಲೆ ಅದನ್ನೇ ದೊಡ್ಡದಾಗಿ ಬರೆದೆ. ಕೆಳಗೆ ‘ಆಗುವುದಿಲ್ಲ’ ಅಂತ ಬರೆದೆ. ಯಾಕೆ ಅಂತ ಅರ್ಧ ಗಂಟೆ ಹೇಳಿದೆ. ಸಾಧನೆ ಗೊತ್ತಿಲ್ಲದವನು ಲೆಕ್ಕ ಸ್ವಲ್ಪ ತಿರುಗಿಸಿ ಕೊಟ್ಟರೆ ಎಲ್ಲಿ ಸಿಕ್ಕಿಕೊಳ್ಳುತ್ತಾನೆ ಅಂತ ಮಾಡಿಯೇ ತೋರಿಸಿದೆ. ಎರಡನೇ ಬೇಡಿಕೆ, ವಾರಕ್ಕೊಂದು ಗಂಟೆ ಜಾಸ್ತಿ ಲೆಕ್ಕ ಬಿಡಿಸುವುದು. ಅದಕ್ಕೆ ‘ಆಗಲಿ, ಶುಕ್ರವಾರದಿಂದ’ ಅಂತ ಬರೆದೆ. ಕ್ಲಾಸು ಗೊಣಗಿತು. ಆದರೆ ಮುಂದಿನ ಸಲ ಚೀಟಿ ಹಂಚಿದಾಗ ಒಂದೂ ಖಾಲಿ ಬರಲಿಲ್ಲ. ಕೆಲವರು ಹಿಂದಿನ ಪುಟದಲ್ಲೂ ಬರೆದಿದ್ದರು. ಒಂದರಲ್ಲಿ ಹೀಗಿತ್ತು: ‘ನಿಮ್ಮ ‘ಆಗುವುದಿಲ್ಲ’ವನ್ನೂ ನಾವು ಬರೆದುಕೊಳ್ಳುವ ಮೊದಲೇ ಅಳಿಸಿದಿರಿ ಸರ್.’